ವಿಮಾನದಲ್ಲಿ ಸೈಕಲ್: ಹೋಗುವಾಗ ಡಬ್ಬ ಸಿಗುತ್ತೆ, ಲೇಹ್‌ನಿಂದ ಬರುವಾಗ?

ಬಸವನಗುಡಿ_ಬೆಲ್ · ಜುಲೈ 3

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯೋಣ ಅಂತ ಮೂರು ಜನ ಹೊರಟಿದ್ದೇವೆ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಮನಾಲಿಗೆ ರಾತ್ರಿ ಬಸ್ಸು. ವಾಪಸ್ ಲೇಹ್‌ನಿಂದ ದೆಹಲಿ ಮೇಲೆ ಬೆಂಗಳೂರು. ಟಿಕೆಟ್ ಆಗಿದೆ. ಮನೆಯಲ್ಲಿ ಒಪ್ಪಿಗೆಯೂ ಆಗಿದೆ, ಟಿಕೆಟ್‌ಗಿಂತ ಅದೇ ಜಾಸ್ತಿ ಕಷ್ಟ ಇತ್ತು.

ನನ್ನದು ಹೈಬ್ರಿಡ್ ಸೈಕಲ್. ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಬಿಚ್ಚುವ) ಚಕ್ರ, ತೂಕ 12 ಕಿಲೋ. ಟಿಕೆಟ್‌ನಲ್ಲಿ ಚೆಕ್-ಇನ್‌ಗೆ 15 ಕಿಲೋ ಅಂತ ಇದೆ. ಆಫೀಸಿನ ಗೆಳೆಯ ಒಬ್ಬ ತನ್ನ ಹಾರ್ಡ್ ಕೇಸ್ ಕೊಡುತ್ತೇನೆ ಅಂದಿದ್ದಾನೆ. ನೋಡಲು ಫ್ರಿಜ್ಜಿನ ತಮ್ಮನ ಹಾಗಿದೆ. ಆದರೆ ಅದನ್ನು ಚಂಡೀಗಢದಲ್ಲಿ ಬಿಟ್ಟು ಹೋದರೆ ಲೇಹ್‌ನಲ್ಲಿ ಸೈಕಲ್ ಏನರಲ್ಲಿ ತುಂಬಲಿ? ಬೆನ್ನಿಗೆ ಕಟ್ಟಿಕೊಂಡು ತಂಗ್ಲಂಗ್ ಲಾ ಘಾಟಿ ಹತ್ತೋಕಂತೂ ಆಗಲ್ಲ.

ಹಿಂದೆ ಮಾಡಿದವರು ಹೇಳಿ. ಸೈಕಲ್ ಬಿಚ್ಚಿ ಅಭ್ಯಾಸ ಇಲ್ಲ, ಪಂಕ್ಚರ್ ಹಾಕಲು ಮಾತ್ರ ಬರುತ್ತದೆ.

ಹೆಬ್ಬಾಳ_ಏರು

ಹಾರ್ಡ್ ಕೇಸ್ ಮರೆತುಬಿಡಿ ಗುರೂ. ಖಾಲಿ ಪೆಟ್ಟಿಗೆಯೇ 10 ಕಿಲೋ ದಾಟುತ್ತದೆ. 15 ಕಿಲೋದಲ್ಲಿ ನಿಮಗೆ ಉಳಿಯುವುದು ಒಂದು ಚಕ್ರ, ಒಂದು ಸೀಟು.

ಗ್ರೀಸ್_ಕೈ

ಬಸವನಗುಡಿ ಸರ್, ರಟ್ಟಿನ ಡಬ್ಬವೇ ಸರಿ. ಸೈಕಲ್ ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ, ಡಬ್ಬ ಬಿಚ್ಚಿದ್ದೂ ಕಟ್ಟಿದ್ದೂ ಲೆಕ್ಕ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಡಬ್ಬ ಕೇಳಲು ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಅಂಗಡಿಯವರು ನಿಮ್ಮ ಮುಖ ಸಹ ನೋಡಲ್ಲ. ಹೊಸ ಸೈಕಲ್ ಬಂದ ಡಬ್ಬವನ್ನು ಗುಜರಿಗೆ ಹಾಕುವ ಮೊದಲು ಎತ್ತಿಡಿ ಅಂತ ಫೋನ್ ನಂಬರ್ ಕೊಟ್ಟು ಬನ್ನಿ. ಸುಮಾರು 140 ಸೆಂಟಿಮೀಟರ್ ಉದ್ದ, 75ರಿಂದ 80 ಎತ್ತರ, 20ರಿಂದ 25 ಅಗಲ ಇರುತ್ತದೆ. ಡಬ್ಬದ ಜೊತೆ ಇನ್ನೊಂದು ಸಾಮಾನು ಕೇಳಿ ತಗೊಳ್ಳಿ. ಹೊಸ ಸೈಕಲ್‌ನ ಮುಂದಿನ ಫೋರ್ಕಿನ ಎರಡು ತುದಿ ನಡುವೆ ಒಂದು ಪ್ಲಾಸ್ಟಿಕ್ ಅಡ್ಡಕಡ್ಡಿ ಬರುತ್ತದೆ. ನಾವು ಅದನ್ನು ದಿನಾ ಕಸಕ್ಕೆ ಎಸೆಯುತ್ತೇವೆ. ಚಕ್ರ ಬಿಚ್ಚಿದ ಫೋರ್ಕ್ ಅಂದರೆ ಎರಡು ಕಾಲಿನ ಇಕ್ಕಳ, ಪಕ್ಕದಿಂದ ಭಾರ ಬಿದ್ದರೆ ಕಾಲು ಕೂಡಿಕೊಳ್ಳುತ್ತವೆ. ಆ ಕಡ್ಡಿ ಇದ್ದರೆ ಕೂಡಲ್ಲ. ಸಿಗದಿದ್ದರೆ ಹಳೇ ಹಬ್ ಒಂದನ್ನು ಹಾಕಿ ಬಿಗಿಯಿರಿ.

ಈಗ ಬಿಚ್ಚುವ ಕೆಲಸ. ಈ ಅಳತೆಯ ಡಬ್ಬಕ್ಕೆ ಹಿಂದಿನ ಚಕ್ರ ತೆಗೆಯುವುದು ಬೇಡ. ಮುಂದಿನ ಚಕ್ರ, ಎರಡು ಪೆಡಲ್, ಹ್ಯಾಂಡಲ್, ಸೀಟು, ಇಷ್ಟೇ. ಸೀಟಿನ ಕಂಬ ಹೊರಗೆ ತೆಗೆಯುವ ಮೊದಲು ಅದು ಫ್ರೇಮ್ ಸೇರುವ ಜಾಗದಲ್ಲಿ ಕರೆಂಟ್ ಟೇಪ್ ಒಂದು ಸುತ್ತು ಸುತ್ತಿ. ಆಮೇಲೆ ಎತ್ತರ ಹುಡುಕುತ್ತಾ ಕೂರಬೇಕಿಲ್ಲ. ಹ್ಯಾಂಡಲ್‌ಗೆ, ಅದನ್ನು ಹಿಡಿದಿರುವ ಸ್ಟೆಮ್ ಅನ್ನೋ ತುಂಡಿನ ಮುಖದ ಮೇಲಿರುವ ನಾಲ್ಕು ಬೋಲ್ಟ್ ಮಾತ್ರ ಬಿಚ್ಚಿ. ಮೇಲಿನ ಟೋಪಿಯ ಬೋಲ್ಟ್‌ಗೆ ಕೈ ಹಚ್ಚಬೇಡಿ, ಅದನ್ನು ಬಿಚ್ಚಿದರೆ ಬೇರಿಂಗ್ ಹೊಂದಿಸುವ ಹೊಸ ತಲೆನೋವು ಶುರು. ವೈರ್‌ಗಳು ಇದ್ದ ಹಾಗೇ ಇರಲಿ, ಹ್ಯಾಂಡಲ್ ಫ್ರೇಮಿನ ಮೇಲಿನ ಪೈಪಿಗೆ ಜೋತು ಬೀಳಲಿ.

ಇನ್ನು ಮುಖ್ಯವಾದದ್ದು. ವಿಮಾನದಿಂದ ಬಂದ ಸೈಕಲ್ ರಿಪೇರಿಗೆ ಬಂದರೆ ನಾನು ಮೊದಲು ನೋಡುವುದು ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಾಯಿಸಿದಾಗ ಚೈನನ್ನು ಸರಿಸುವ ಭಾಗ. ಅದು ನೇತಾಡುವ ಹ್ಯಾಂಗರ್ ಅನ್ನೋ ತುಂಡನ್ನು ಬೇಕಂತಲೇ ಮೆತ್ತಗಿನ ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ಇದು ಬಾಗಲಿ ಅಂತ. ಡಬ್ಬ ಬಲಗಡೆಗೆ ಬಿದ್ದರೆ ಇದೇ ಮೊದಲು ನೆಲ ಮುಟ್ಟುವುದು. ಗೇರನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ವೈರ್ ಸಡಿಲ ಆಗುತ್ತದೆ. 5 ಎಂಎಂ ಆಲನ್ ಕೀಯಲ್ಲಿ ಡಿರೇಲರ್ ಬಿಚ್ಚಿ. ವೈರ್, ಚೈನ್ ಎರಡೂ ಅದಕ್ಕೇ ಇರಲಿ. ಬಟ್ಟೆ ಸುತ್ತಿ ಚಕ್ರಕ್ಕಿಂತ ಒಳಗೆ ಬರುವ ಹಾಗೆ ಫ್ರೇಮಿಗೆ ಕಟ್ಟಿ. ಐದು ನಿಮಿಷದ ಕೆಲಸ. ಧೈರ್ಯ ಇಲ್ಲದಿದ್ದರೆ ಬಿಚ್ಚದೆ ಅತಿ ದೊಡ್ಡ ಹಲ್ಲುಚಕ್ರಕ್ಕೆ ತನ್ನಿ, ಆಗ ಸ್ವಲ್ಪ ಒಳಗೆ ಕೂರುತ್ತದೆ. ಯಾವುದಕ್ಕೂ ನಿಮ್ಮ ಮಾಡೆಲ್‌ನ ಹ್ಯಾಂಗರ್ ಒಂದು ಕೊಂಡು ಜೇಬಲ್ಲಿ ಇಟ್ಟುಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಆಗಲ್ಲ, ಮನಾಲಿಯಲ್ಲಿ ಹುಡುಕಲು ಹೋಗಬೇಡಿ.

ಹೈಡ್ರಾಲಿಕ್ ಬ್ರೇಕ್ ಅಂದಿರಲ್ಲ, ಚಕ್ರ ತೆಗೆದ ಮೇಲೆ ಲಿವರ್ ಒತ್ತಲೇಬೇಡಿ. ಪ್ಯಾಡ್ ಎರಡೂ ಬಂದು ಅಂಟಿಕೊಳ್ಳುತ್ತವೆ, ಆಮೇಲೆ ಡಿಸ್ಕ್ ಒಳಗೇ ಹೋಗಲ್ಲ. ನಡುವೆ ಪ್ಲಾಸ್ಟಿಕ್ ತುಂಡು ಇಡಬೇಕು. ಎರಡು ಹಳೇ ಎಟಿಎಂ ಕಾರ್ಡ್ ಜೋಡಿಸಿ ತುರುಕಿದರೂ ನಡೆಯುತ್ತದೆ, ದಪ್ಪ ಹೆಚ್ಚು ಕಡಿಮೆ ಸರಿಹೋಗುತ್ತದೆ. ಮುಂದಿನ ಚಕ್ರದಿಂದ ಕ್ವಿಕ್ ರಿಲೀಸ್ ಕಡ್ಡಿ ಹೊರಗೆ ಎಳೆದುಬಿಡಿ. ಅಚ್ಚಿನ ಎರಡು ತುದಿಗೂ ನೀರಿನ ಬಾಟಲಿ ಮುಚ್ಚಳ ಇಟ್ಟು ಟೇಪ್ ಹಾಕಿ. ಇಲ್ಲದಿದ್ದರೆ ಅದು ಮೊಳೆ ಹೊಡೆದ ಹಾಗೆ ರಟ್ಟು ತೂರಿ ಆಚೆ ಬರುತ್ತದೆ. ಒಳಗಡೆ ಬಂದರೆ ಇನ್ನೂ ಕೆಟ್ಟದ್ದು, ಫ್ರೇಮಿಗೇ ತೂತು.

ಫ್ರೇಮಿಗೆ ಸುತ್ತಲು ಬಬಲ್ ರಾಪ್‌ಗಿಂತ ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಒಳ್ಳೆಯದು. ಎಸಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಉದ್ದಕ್ಕೆ ಬ್ಲೇಡಲ್ಲಿ ಸೀಳಿ ತೊಡಿಸಿದರೆ ಆಯಿತು. ಹತ್ತು ಸಲ ಬಳಸಬಹುದು. ಅದೂ ಬೇಡ ಅಂದರೆ ಅಮ್ಮನ ಹಳೇ ಕಾಟನ್ ಸೀರೆ. ಕೇಳಿ ತಗೊಳ್ಳಿ.

ಹೆಬ್ಬಾಳ_ಏರು

"ಕೇಳಿ ತಗೊಳ್ಳಿ" ಅಂದಿದ್ದು ಅನುಭವದ ಮಾತು ಅನ್ಸುತ್ತೆ.

ಗ್ರೀಸ್_ಕೈ

ಇಳಕಲ್ ಆಗಿತ್ತು. ಮುಂದೆ ಕೇಳಬೇಡಿ.

ಪಂಕ್ಚರ್_ಪುರಾಣ

ಮುಖ್ಯವಾದದ್ದೇ ಬಿಟ್ಟಿರಲ್ಲಾ ಅಣ್ಣ. ಟೈರಿನ ಗಾಳಿ ಪೂರ್ತಿ ತೆಗೆಯಬೇಕು. ಮೇಲೆ ಹೋದ ಮೇಲೆ ಸಾಮಾನಿನ ಕೋಣೆಯಲ್ಲಿ ಗಾಳಿಯೇ ಇರಲ್ಲ, ಟ್ಯೂಬ್ ಢಂ ಅನ್ನುತ್ತದೆ.

ಪಿಯು_ಫಿಸಿಕ್ಸ್

ಇದು ಎಲ್ಲರೂ ಹೇಳುವ ಮಾತು, ಆದರೆ ಲೆಕ್ಕ ಹಾಕಿ ನೋಡಿದರೆ ನಿಲ್ಲಲ್ಲ. ಪ್ರಯಾಣಿಕರ ವಿಮಾನದಲ್ಲಿ ಸಾಮಾನಿನ ಕೋಣೆಗೂ ನಾವು ಕೂರುವ ಕ್ಯಾಬಿನ್‌ನಷ್ಟೇ ಗಾಳಿಯ ಒತ್ತಡ ಇರುತ್ತದೆ. ನಾಯಿ, ಬೆಕ್ಕು ಹೋಗುವುದು ಅಲ್ಲೇ ಅಲ್ವಾ. ಹಾರುವಾಗ ಕ್ಯಾಬಿನ್ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಳಿಯುತ್ತದೆ, ಅಂದರೆ ಸುಮಾರು 11 ಪಿಎಸ್‌ಐ. ನಮ್ಮ ಬೆಂಗಳೂರು ಮೊದಲೇ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಒತ್ತಡ 13 ಚಿಲ್ಲರೆ. ವ್ಯತ್ಯಾಸ ಎರಡೂವರೆ ಪಿಎಸ್‌ಐ ಆಸುಪಾಸು. ನಿಮ್ಮ ಟೈರಿನಲ್ಲಿ 70 ಇದ್ದರೆ 72, 73 ಇದ್ದ ಹಾಗೆ ವರ್ತಿಸುತ್ತದೆ. ಪಂಪಿನ ಮುಳ್ಳು ಅಷ್ಟು ಆಚೀಚೆ ದಿನಾ ಆಗುತ್ತೆ.

ತಮಾಷೆ ಏನಂದರೆ ಲೇಹ್ ವಿಮಾನ ನಿಲ್ದಾಣ ಇರುವುದೇ ಸುಮಾರು 3,250 ಮೀಟರ್ ಮೇಲೆ. 8,000 ಅಡಿ ಅಂದರೆ 2,400 ಚಿಲ್ಲರೆ ಮೀಟರ್. ಹಾರುವ ವಿಮಾನದ ಒಳಗಿಗಿಂತ ಲೇಹ್‌ನ ನೆಲದ ಮೇಲೇ ಗಾಳಿ ತೆಳು. ಟ್ಯೂಬ್ ಢಂ ಅನ್ನುವುದಾದರೆ ಲೇಹ್ ಪೇಟೆಯಲ್ಲಿ ನಿಲ್ಲಿಸಿದ ಸೈಕಲ್ಲುಗಳೆಲ್ಲ ದೀಪಾವಳಿ ಮಾಡಬೇಕಿತ್ತು.

ಪಂಕ್ಚರ್_ಪುರಾಣ

ಸರಿ ಮೇಷ್ಟ್ರೇ. ಆದರೆ ಚಿಪ್ಸ್ ಪ್ಯಾಕೆಟ್ ಊದಿಕೊಳ್ಳುತ್ತದಲ್ಲ?

ಪಿಯು_ಫಿಸಿಕ್ಸ್

ಪ್ಯಾಕೆಟ್‌ಗೆ ಎರಡು ಪಿಎಸ್‌ಐ ಅಂದರೆ ದೊಡ್ಡದು. ಟೈರಿಗೆ ಏನೂ ಅಲ್ಲ.

ಗ್ರೀಸ್_ಕೈ

ಮೇಷ್ಟ್ರ ಲೆಕ್ಕ ಸರಿ. ಆದರೆ ಕೌಂಟರಿನಲ್ಲಿ "ಗಾಳಿ ತೆಗೆದಿದ್ದೀರಾ" ಅಂತ ಕೇಳುತ್ತಾರೆ, ಅಲ್ಲಿ ಫಿಸಿಕ್ಸ್ ಪಾಠ ಮಾಡಿದರೆ ವಿಮಾನ ಹೋಗಿಬಿಡುತ್ತದೆ. ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಇಳಿಸಿ, ಹೌದು ಅನ್ನಿ. ಪೂರ್ತಿ ತೆಗೆಯಬೇಡಿ. ಗಾಳಿ ಇರುವ ಟೈರ್ ರಿಮ್ಮಿಗೆ ದಿಂಬು ಇದ್ದ ಹಾಗೆ. ಟ್ಯೂಬ್‌ಲೆಸ್ ಇದ್ದವರಂತೂ ಪೂರ್ತಿ ತೆಗೆಯಲೇಬೇಡಿ. ಟೈರಿನ ಅಂಚು ರಿಮ್ ಬಿಟ್ಟು, ಒಳಗಿನ ಬಿಳಿ ದ್ರವ ಡಬ್ಬದ ತುಂಬಾ ಮಜ್ಜಿಗೆ ಚೆಲ್ಲಿದ ಹಾಗೆ ಆಗುತ್ತದೆ.

ರಾಗಿಮುದ್ದೆ_600 · ಜುಲೈ 4

ನನ್ನ ಕಥೆ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು. 2023ರ ಆಗಸ್ಟ್‌ನಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಸವಾರಿಗೆ ಹೋಗಿದ್ದೆ. 1,200 ಕಿಲೋಮೀಟರ್, 90 ಗಂಟೆ, ನಾಲ್ಕು ವರ್ಷಕ್ಕೊಮ್ಮೆ. ಅದಕ್ಕೆ ಅರ್ಹತೆ ಪಡೆಯಲು 200, 300, 400, 600 ಕಿಲೋಮೀಟರ್‌ನ ಬ್ರೆವೆಗಳನ್ನು (ಗೊತ್ತುಪಡಿಸಿದ ಸಮಯದೊಳಗೆ ಮುಗಿಸುವ ದೂರದ ಸವಾರಿ) ಮುಗಿಸಿ, ರಜೆ ಕೂಡಿಟ್ಟು, ವೀಸಾ ಮಾಡಿಸಿ, ಎಲ್ಲ ಆಯಿತು. ಸೈಕಲ್ಲನ್ನೂ ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ಪ್ಯಾಕ್ ಮಾಡಿದ್ದೆ.

ಹೋಟೆಲಿನಲ್ಲಿ ಡಬ್ಬ ತೆರೆದರೆ ನಾನು ಹಾಕಿದ್ದ ಟೇಪ್ ಇಲ್ಲ, ಬೇರೆ ಟೇಪ್ ಇದೆ. ದಾರಿಯಲ್ಲಿ ಯಾರೋ ತೆಗೆದು ನೋಡಿದ್ದಾರೆ. ನೋಡಲಿ, ಅದು ಅವರ ಕೆಲಸ. ಆದರೆ ವಾಪಸ್ ತುಂಬುವಾಗ ನಾನು ಇಟ್ಟ ಹಾಗೆ ತುಂಬಿಲ್ಲ. ಮುಂದಿನ ಚಕ್ರವನ್ನು ಫೋರ್ಕಿಗೆ ಹಿಡಿದಿಡುವ ಥ್ರೂ ಆಕ್ಸಲ್ ಅನ್ನು ಒಂದು ಚಿಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೂಲೆಯಲ್ಲಿ ಇಟ್ಟಿದ್ದೆ. ಕವರ್ ಇಲ್ಲ. ಡಬ್ಬದ ಕೆಳಗಿನ ಮೂಲೆಯಲ್ಲಿ ಒಂದು ತೂತು ಇತ್ತು, ಕೈ ಹೋಗುವಷ್ಟು. ಡಬ್ಬ ತಲೆಕೆಳಗಾಗಿ ಸುತ್ತಾಡಿ ಅಲ್ಲಿಂದಲೇ ಉದುರಿರಬೇಕು. ಅರ್ಧ ಅಡಿ ಉದ್ದದ ಒಂದು ಕೊಳವೆ. ಅದಿಲ್ಲದೆ 1,200 ಕಿಲೋಮೀಟರ್ ಅಲ್ಲ, ಹೋಟೆಲಿನ ಗೇಟಿನವರೆಗೂ ಹೋಗಲಾಗದು.

ವಿಮಾನ ಕಂಪನಿಗೆ ಫೋನ್ ಮಾಡಿದರೆ ಡಬ್ಬ ಬಂದಿದೆಯಲ್ಲ ಮೇಡಂ ಅಂದರು. ಒಂದು ದಿನ ಪೂರ್ತಿ ಅಂಗಡಿ ಅಂಗಡಿ ಸುತ್ತಿದೆ. ಭಾಷೆ ಬರಲ್ಲ, ಎರಡು ಕೈಯಲ್ಲಿ ಅಳತೆ ತೋರಿಸುತ್ತಾ ಹೋಗುವುದು. ದಪ್ಪ ಸರಿ ಇದ್ದರೆ ಉದ್ದ ಸರಿ ಇಲ್ಲ, ಎರಡೂ ಸರಿ ಇದ್ದರೆ ತ್ರೆಡ್ ಕೂರಲ್ಲ. ನಾಲ್ಕನೇ ಅಂಗಡಿಯ ಅಜ್ಜ ಒಂದು ಡ್ರಾಯರ್ ಎಳೆದು, ಹಳೇ ಆಕ್ಸಲ್‌ಗಳನ್ನು ಒಂದೊಂದೇ ತಿರುಗಿಸಿ ನೋಡಿ, ಆರನೆಯದು ಕೂತಿತು. ದುಡ್ಡು ತಗೊಳ್ಳಲಿಲ್ಲ.

ಅವತ್ತಿನಿಂದ ಒಂದೇ ನಿಯಮ. ಡಬ್ಬದೊಳಗೆ ಯಾವ ಸಾಮಾನೂ ಒಂಟಿಯಾಗಿ ಇರಬಾರದು. ಆಕ್ಸಲ್, ಪೆಡಲ್, ಕ್ವಿಕ್ ರಿಲೀಸ್ ಕಡ್ಡಿ, ಸ್ಟೆಮ್ಮಿನ ನಾಲ್ಕು ಬೋಲ್ಟ್, ಎಲ್ಲ ಒಂದು ಬಟ್ಟೆ ಚೀಲದಲ್ಲಿ ಹಾಕಿ ಚೀಲವನ್ನು ಕೇಬಲ್ ಟೈನಿಂದ ಫ್ರೇಮಿಗೆ ಕಟ್ಟಿ. ಮುಂದಿನ ಚಕ್ರವನ್ನೂ ಫ್ರೇಮಿಗೆ ಮೂರು ಕಡೆ ಕಟ್ಟಿ. ಡಬ್ಬವನ್ನು ಯಾರಾದರೂ ತೆಗೆದರೂ ಇಡೀ ಸೈಕಲ್ ಒಂದೇ ಗಂಟಾಗಿ ಮೇಲೆ ಬರಬೇಕು, ಒಂದೇ ಗಂಟಾಗಿ ಒಳಗೆ ಹೋಗಬೇಕು. ನಾವು ಸೈಕಲ್ ಪ್ಯಾಕ್ ಮಾಡುವುದು ನಮಗಲ್ಲ, ಅರ್ಜೆಂಟಿನಲ್ಲಿ ಇರುವ, ಸೈಕಲ್ ಬಗ್ಗೆ ಏನೂ ಗೊತ್ತಿಲ್ಲದ ಯಾರೋ ಒಬ್ಬರಿಗೆ.

ಗ್ರೀಸ್_ಕೈ

ಮೇಡಂ, ಇದು ನಾನು ಬರೆದ ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಒಂದು ಸೇರಿಸುತ್ತೇನೆ. ಡಬ್ಬದ ಎರಡು ಬದಿಗೆ ಕೈ ಹಿಡಿಯುವ ತೂತು ಇರುತ್ತವೆ. ಇಲ್ಲದಿದ್ದರೆ ನೀವೇ ಕೊರೆದು ಅಂಚಿಗೆ ಟೇಪ್ ಹಾಕಿ. ಹಿಡಿ ಇದ್ದರೆ ಲೋಡರ್ ಎತ್ತುತ್ತಾನೆ. ಇಲ್ಲದಿದ್ದರೆ ಎಳೆಯುತ್ತಾನೆ, ಅವನ ತಪ್ಪೂ ಅಲ್ಲ.

ಯಶವಂತಪುರ_ಪಾರ್ಸೆಲ್

ಇಷ್ಟೆಲ್ಲ ಯಾಕೆ? ರೈಲಿನಲ್ಲಿ ಹೋಗಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ. ಟಿಕೆಟ್ ತೋರಿಸಿ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿದರೆ ಸೈಕಲ್ ಅದೇ ಗಾಡಿಯ ಲಗೇಜ್ ಡಬ್ಬಿಯಲ್ಲಿ ಬರುತ್ತದೆ. ಪೆಡಲ್ ಕೂಡ ಬಿಚ್ಚಬೇಕಿಲ್ಲ.

ಬಸವನಗುಡಿ_ಬೆಲ್

ಎರಡು ರಾತ್ರಿ ಹೋಗುತ್ತೆ ಸರ್. ಇರುವುದು ಹದಿನಾಲ್ಕು ದಿನ ರಜೆ. ಅದರಲ್ಲೂ ಎತ್ತರಕ್ಕೆ ಮೈ ಹೊಂದಿಕೊಳ್ಳಲು ದಿನ ಬಿಡಬೇಕು.

ಯಶವಂತಪುರ_ಪಾರ್ಸೆಲ್

ಹಂಗಾದ್ರೆ ಬಿಚ್ಚಿ.

ಬಸವನಗುಡಿ_ಬೆಲ್ · ಜುಲೈ 19

ಬಿಚ್ಚಲು ಕೂತೆ. ಡಬ್ಬ ಸಿಕ್ಕಿತು, ಅಡ್ಡಕಡ್ಡಿಯೂ ಸಿಕ್ಕಿತು. ಬಲಗಡೆ ಪೆಡಲ್ ಸಲೀಸಾಗಿ ಬಂತು. ಎಡಗಡೆಯದು ಜಪ್ಪಯ್ಯ ಅಂದರೂ ಬರುತ್ತಿಲ್ಲ. 15 ಎಂಎಂ ಪಾನಾ ಹಾಕಿ, ಪಾನಾಗೆ ಪೈಪ್ ತೊಡಿಸಿ, ಪೈಪ್ ಮೇಲೆ ತಮ್ಮನನ್ನು ನಿಲ್ಲಿಸಿ ನೋಡಿದ್ದಾಯಿತು. ತುಕ್ಕು ಹಿಡಿದಿದೆಯಾ?

ಹೆಬ್ಬಾಳ_ಏರು

ತಮ್ಮನನ್ನು ಕೆಳಗೆ ಇಳಿಸಿ!! ಬಿಗಿ ಮಾಡ್ತಿದ್ದೀರಿ.

ಗ್ರೀಸ್_ಕೈ

ಎಡಗಡೆ ಪೆಡಲ್ ತ್ರೆಡ್ ಉಲ್ಟಾ ಸರ್. ಬಲ, ಎಡ ತಲೆಗೆ ಹಾಕಿಕೊಳ್ಳಬೇಡಿ. ಪಾನಾದ ಹಿಡಿ ಮೇಲಕ್ಕೆ ಬರುವ ಹಾಗೆ ಹಾಕಿ, ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಯಾವ ಪೆಡಲ್ ಆದರೂ ಹಾಗೇ ಬಿಚ್ಚುವುದು. ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಬಿಗಿ. ಸ್ವಲ್ಪ ಎಣ್ಣೆ ಬಿಟ್ಟು ಒಂದು ಗಂಟೆ ಕಾಯಿರಿ. ವಾಪಸ್ ಹಾಕುವಾಗ ತ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಪಾನಾ ಹಾಕಿ ಅಡ್ಡ ತುರುಕಿದರೆ ಕ್ರ್ಯಾಂಕ್ ಹಾಳು.

ಪಿಯು_ಫಿಸಿಕ್ಸ್

ತುಳಿಯುವಾಗ ತಾನಾಗಿ ಸಡಿಲ ಆಗದಿರಲಿ ಅಂತ ಎಡಕ್ಕೆ ಉಲ್ಟಾ ತ್ರೆಡ್. ಅದನ್ನು ಬಳಕೆಗೆ ತಂದ ಆರಂಭದ ಸೈಕಲ್ ತಯಾರಕರಲ್ಲಿ ರೈಟ್ ಸಹೋದರರೂ ಇದ್ದರು. ಹೌದು, ವಿಮಾನದ ರೈಟ್ ಸಹೋದರರೇ. 1892ರಲ್ಲಿ ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟವರು, 1903ರಲ್ಲಿ ಹಾರಿದರು. ವಿಮಾನ ಹುಟ್ಟಿದ್ದೇ ಸೈಕಲ್ ಅಂಗಡಿಯಲ್ಲಿ, ಈಗ ಸೈಕಲ್ ಹತ್ತಿಸಲು ನಾವು ಇಷ್ಟು ಪಾಡು ಪಡಬೇಕು.

ಬಸವನಗುಡಿ_ಬೆಲ್

ಬಂತು. ಒಂದೇ ಎಳೆತಕ್ಕೆ. ತಮ್ಮ ನಗುತ್ತಿದ್ದಾನೆ.

ತೂಕ ನೋಡಿದೆ, ಡಬ್ಬ ಸೇರಿ 17 ಕಿಲೋ 200 ಗ್ರಾಂ. ಇನ್ನು ಬಟ್ಟೆ, ಟೂಲ್ಸ್?

ರಾಗಿಮುದ್ದೆ_600

ಜಾಸ್ತಿ ಕಿಲೋಗಳನ್ನು ಈಗಲೇ ಆನ್‌ಲೈನ್‌ನಲ್ಲಿ ಕೊಂಡುಬಿಡಿ. ಕೌಂಟರಿನಲ್ಲಿ ಕೊಂಡರೆ ದುಬಾರಿ. ಕೆಲವು ಕಂಪನಿಗಳು ಸೈಕಲ್‌ಗೆ ಬೇರೆಯೇ ಶುಲ್ಕ ಇಟ್ಟಿವೆ, ನಿಮ್ಮ ಟಿಕೆಟ್‌ನ ಕಂಪನಿಗೆ ಮೇಲ್ ಮಾಡಿ, ಅವರ ಉತ್ತರ ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಆ ಕಾಗದಕ್ಕೆ ಕೌಂಟರಿನಲ್ಲಿ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಯಾವುದೇ ಡಬ್ಬ 32 ಕಿಲೋ ಮಾತ್ರ ದಾಟಬಾರದು.

ಟೂಲ್ಸ್ ಎಲ್ಲ ಡಬ್ಬದೊಳಗೆ. ಮಲ್ಟಿಟೂಲ್ ಕ್ಯಾಬಿನ್ ಬ್ಯಾಗಲ್ಲಿ ಮರೆತರೆ ಸೆಕ್ಯುರಿಟಿಯಲ್ಲಿ ಸಿಐಎಸ್‌ಎಫ್‌ನವರು ಇಟ್ಟುಕೊಳ್ಳುತ್ತಾರೆ, ನನ್ನದು ಎರಡು ಹೋಗಿವೆ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕ್ಯಾಬಿನ್ ಬ್ಯಾಗಲ್ಲೇ ಇರಬೇಕು. ಸೈಕಲ್ ಲೈಟ್, ಜಿಪಿಎಸ್ ಸಹ ಕೈಯಲ್ಲೇ ಇರಲಿ. ಡಬ್ಬದಲ್ಲಿ ಬ್ಯಾಟರಿ ಕಂಡರೆ ನಿಮ್ಮನ್ನು ಕರೆಸಿ ತೆಗೆಸುತ್ತಾರೆ. ಗಾಳಿ ತುಂಬುವ ಸಿಒ2 ಸಿಲಿಂಡರ್, ಚೈನಿನ ಸ್ಪ್ರೇ ಮನೆಯಲ್ಲೇ ಬಿಡಿ. ಕೈ ಪಂಪ್ ಸಾಕು.

ಹೆಬ್ಬಾಳ_ಏರು

ಏರ್‌ಪೋರ್ಟಿಗೆ ಹೇಗೆ ಹೋಗ್ತೀರಿ? ಸಣ್ಣ ಕ್ಯಾಬ್ ಬುಕ್ ಮಾಡಿದರೆ ಡ್ರೈವರ್ ಡಬ್ಬ ನೋಡಿ ಕ್ಯಾನ್ಸಲ್ ಮಾಡ್ತಾನೆ. ಇನ್ನೋವಾ, ಎರ್ಟಿಗಾ ಥರದ್ದು ಹೇಳಿ, ಹಿಂದಿನ ಸೀಟು ಮಡಿಸಬೇಕು ಅಂತ ಮೊದಲೇ ಫೋನಿನಲ್ಲಿ ಹೇಳಿಬಿಡಿ. ಒಂದು ಗಾಡಿಗೆ ಎರಡು ಡಬ್ಬ, ಒಬ್ಬ ಮನುಷ್ಯ. ಮೂರು ಸೈಕಲ್‌ಗೆ ಎರಡು ಗಾಡಿ ಲೆಕ್ಕ ಹಾಕಿ. ಹೆಬ್ಬಾಳದ ಟ್ರಾಫಿಕ್ ಬಗ್ಗೆ ನಾನು ಹೇಳಬೇಕಾ? ಮೂರು ಗಂಟೆ ಮೊದಲು ಅಲ್ಲಿರಿ. ಕೌಂಟರ್ ಆದ ಮೇಲೆ ಡಬ್ಬವನ್ನು ದೊಡ್ಡ ಸಾಮಾನಿನ ಬೆಲ್ಟಿಗೆ ನೀವೇ ತಳ್ಳಿಕೊಂಡು ಹೋಗಬೇಕು. ಕಿಸೆಯಲ್ಲಿ ಒಂದು ಟೇಪ್ ರೋಲ್ ಇರಲಿ.

ಲಡಾಖ್_ಎರಡು_ಸಲ · ಜುಲೈ 21

ತಡವಾಗಿ ನೋಡಿದೆ. ಮೂಲ ಪ್ರಶ್ನೆಗೇ ಯಾರೂ ಉತ್ತರ ಕೊಟ್ಟಿಲ್ಲವಲ್ಲಾ!

ಲೇಹ್‌ನಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿಗಳಿವೆ. ಊರು ತಲುಪಿದ ದಿನವೇ ಹೋಗಿ ಖಾಲಿ ಡಬ್ಬ ಕೇಳಿ, ಹೊರಡುವ ಹಿಂದಿನ ರಾತ್ರಿ ಅಲ್ಲ. ಸೀಸನ್‌ನಲ್ಲಿ ನಿಮ್ಮ ಹಾಗೆ ಹುಡುಕುವವರು ಬಹಳ. ಸಿಗದಿದ್ದರೆ ಟಿವಿ, ಫ್ರಿಜ್ ಅಂಗಡಿಯ ರಟ್ಟು ತಂದು ಎರಡು ಡಬ್ಬ ಒಂದರೊಳಗೆ ಒಂದು ತೂರಿಸಿ ಉದ್ದ ಮಾಡಿ. ಟೇಪ್, ಕೇಬಲ್ ಟೈ, ಫೋರ್ಕಿನ ಅಡ್ಡಕಡ್ಡಿ, ನೀರಿನ ಬಾಟಲಿ ಮುಚ್ಚಳ, ಇವಿಷ್ಟನ್ನು ಬೆಂಗಳೂರಿನಿಂದಲೇ ಪ್ಯಾನಿಯರ್‌ನಲ್ಲಿ (ಸೈಕಲ್ ಪಕ್ಕಕ್ಕೆ ತೂಗುವ ಚೀಲ) ಹೊತ್ತು ಹೋಗಿ. ಎಲ್ಲ ಸೇರಿ ಕಾಲು ಕಿಲೋ ಇಲ್ಲ. ಚಂಡೀಗಢದಲ್ಲಿ ಡಬ್ಬ ಎಸೆಯುವ ಖುಷಿಯಲ್ಲಿ ಇದನ್ನೂ ಎಸೆದವನು ನಾನು.

ತೆಳು ಗಾಳಿಯಲ್ಲಿ ವಿಮಾನ ಹೆಚ್ಚು ಭಾರ ಹೊತ್ತು ಏಳಲು ಆಗಲ್ಲ, ಬಿಸಿಲು ಏರಿದಷ್ಟೂ ಕಷ್ಟ. ಹಾಗಾಗಿ ಲೇಹ್‌ನಲ್ಲಿ ಬೆಳಗಿನ ವಿಮಾನವೇ ಒಳ್ಳೆಯದು. ಲಗೇಜ್ ತೂಕದಲ್ಲಿ ಅಲ್ಲಿ ಚೌಕಾಸಿ ನಡೆಯಲ್ಲ. ಡಬ್ಬ ಹಿಂದಿನ ಸಂಜೆಯೇ ರೆಡಿ ಇರಲಿ.

ಬಸವನಗುಡಿ_ಬೆಲ್ · ಸೆಪ್ಟೆಂಬರ್ 2

ಬಂದೆವು. ಕಾಲಿನ ಕಥೆ ಬೇರೆ ಬರೆಯುತ್ತೇನೆ, ಡಬ್ಬದ ಕಥೆ ಇಲ್ಲಿ.

ಹೋಗುವಾಗ ಮೂರೂ ಡಬ್ಬ ಚೆನ್ನಾಗಿ ಬಂದವು. ಒಬ್ಬನ ಸೈಕಲ್‌ನಲ್ಲಿ ಮಾತ್ರ ಡಿರೇಲರ್ ಬಿಚ್ಚಿರಲಿಲ್ಲ, "ಸುಮ್ನೆ ಹೆದರಿಸ್ತಾರೆ" ಅಂದಿದ್ದ. ಮನಾಲಿಯ ಲಾಡ್ಜಿನ ಅಂಗಳದಲ್ಲಿ ಗೇರ್ ಹಾಕಿದರೆ ಕಟಕಟ ಸದ್ದು. ಹಿಂದಿನಿಂದ ನೋಡಿದರೆ ಡಿರೇಲರ್ ಚಕ್ರದ ಕಡೆ ತಲೆ ವಾಲಿಸಿತ್ತು. ಅವನ ಜೇಬಲ್ಲಿ ಹೊಸ ಹ್ಯಾಂಗರ್ ಇತ್ತು, ಅದನ್ನಾದರೂ ನಿಮ್ಮ ಮಾತು ಕೇಳಿ ತಂದಿದ್ದ. ಇಪ್ಪತ್ತು ನಿಮಿಷದಲ್ಲಿ ಬದಲಾಯಿಸಿದೆವು. ಗ್ರೀಸ್_ಕೈ ಅವರಿಗೆ ಅವನ ಪರವಾಗಿ ನಮಸ್ಕಾರ.

ಲೇಹ್‌ನಲ್ಲಿ ಬಾಡಿಗೆ ಅಂಗಡಿಯವರು ಎರಡು ಡಬ್ಬ ಕೊಟ್ಟರು, ಮೂರನೆಯದು ಇಲ್ಲ. ನನ್ನ ಪಾಲಿಗೆ ಬಂದದ್ದು ವಾಷಿಂಗ್ ಮಷೀನಿನ ಎರಡು ಡಬ್ಬ. ರಾತ್ರಿ ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ ಕೂತು ಕೊಯ್ದು, ತೂರಿಸಿ, ಅಂಟಿಸಿದೆ. ಮನೆಯ ಅಜ್ಜಿ ಟೀ ಕೊಟ್ಟು ನೋಡುತ್ತಾ ಕೂತರು. ಕೊನೆಗೆ ತಾವೇ ಎದ್ದು, ಗೋಣಿ ಹೊಲಿಯುವ ದಬ್ಬಣ ಮತ್ತು ದಾರ ತಂದು, ಜೋಡಿಸಿದ ಜಾಗದಲ್ಲಿ ಎಂಟು ಹೊಲಿಗೆ ಹಾಕಿಕೊಟ್ಟರು. ಬೆಂಗಳೂರಿನಲ್ಲಿ ಮಳೆ, ಬೆಲ್ಟಿನ ಮೇಲೆ ಬಂದಾಗ ಒಂದು ಮೂಲೆ ಒದ್ದೆಯಾಗಿ ಟೇಪ್ ಎದ್ದಿತ್ತು. ಹೊಲಿಗೆ ಬಿಟ್ಟಿರಲಿಲ್ಲ. ಒಳಗೆ ರಾಗಿಮುದ್ದೆ ಮೇಡಂ ಹೇಳಿದ ಹಾಗೆ ಎಲ್ಲ ಒಂದೇ ಗಂಟು. ಯಾರೋ ತೆಗೆದು ನೋಡಿದ್ದರು ಕೂಡ, ಒಂದು ಬೋಲ್ಟ್ ಕಳೆದಿಲ್ಲ.

ಆ ಡಬ್ಬ ಈಗ ಬಾಲ್ಕನಿಯಲ್ಲಿದೆ. ಗುಜರಿಗೆ ಹಾಕಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗ ಇಲ್ಲ. ಯಾರಿಗಾದರೂ ಬೇಕಾ?

ಪಂಕ್ಚರ್_ಪುರಾಣ

ನನಗೆ ಬೇಕು ಅಣ್ಣ. ಅಕ್ಟೋಬರ್‌ನಲ್ಲಿ ಗುವಾಹಟಿಗೆ ಹೋಗ್ತಿದ್ದೀನಿ. ಶನಿವಾರ ಬರಲಾ?

ಬಸವನಗುಡಿ_ಬೆಲ್

ಬನ್ನಿ. ಸೈಕಲ್ಲೂ ತನ್ನಿ, ಎಡಗಡೆ ಪೆಡಲ್ ನಾನು ಬಿಚ್ಚಿಕೊಡ್ತೀನಿ.